ಕಲಾ ಬಂಗಲೆಯ ಅಸಲಿ ಇತಿಹಾಸ

ಬಂಗಲೆಯ ಹಳೆಯ ಯಜಮಾನರ ಮೊಮ್ಮಗಳು ಮಧ್ಯಾಹ್ನ ಬರುತ್ತಾರೆಂದು ಬೆಳಿಗ್ಗೆ ಫೋನು ಬಂತು. ತಮ್ಮ ತಾತನ ಮನೆ ಚಿತ್ರಶಾಲೆ ಆದದ್ದು ಹೇಗೆಂದು ಯಾರಾದರೂ ಹೇಳಬೇಕು, ಅಷ್ಟೇ ಅವರ ಕೋರಿಕೆ. ತೊಂದರೆಯೆಂದರೆ, ಅದು ಚಿತ್ರಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿನ ಗೈಡಿಗೆ ಜೊತೆಯವರು ಇಟ್ಟ ಹೆಸರು ಸತ್ಯಣ್ಣ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವ ಚಟ ಅವನಿಗೆ. ಹಾಗಾಗಿ ಅವನ ಹಿಂದೆ ಸುತ್ತಿದ ಪ್ರವಾಸಿಗರು ಬಂದಾಗ ಇದ್ದಷ್ಟೇ ತಿಳಿವಳಿಕೆಯೊಂದಿಗೆ ವಾಪಸು ಹೋಗುತ್ತಿದ್ದರು.

"ಏನೋ ಒಂದು ಹೇಳಿ ಕಳಿಸ್ರೀ," ಎಂದರು ಮೇಲಧಿಕಾರಿ.

"ಸುಳ್ಳು ಹೇಳೋಕೆ ನನ್ನಿಂದಾಗಲ್ಲ ಸಾರ್. ವಿಚಾರಿಸ್ಕೊಂಡು ಬರ್ತೀನಿ."

ಹೊರಟಿದ್ದೇ ತಡ, ದೀಪಕ್ಕೆ ಹುಳ ಮುತ್ತಿದಂತೆ ಇತಿಹಾಸಗಳು ಮುತ್ತಿಕೊಂಡವು. ಯಜಮಾನರು ಯಾವುದೋ ರಾಣಿಯ ಮೇಲೆ ಮನಸ್ಸಿಟ್ಟು ಕೆಟ್ಟರು ಎಂದಳು ಟಿಕೆಟ್ ಕೊಡುವ ಅಕ್ಕ.

"ರಾಣಿ ಹೆಸರೇನಕ್ಕಾ?"

"ಅಷ್ಟು ದೊಡ್ಡೋರನ್ನ ಹೆಸರು ಹಿಡಿದು ಕರೀತಾರೇನಪ್ಪ?"

ಯಜಮಾನರು ಕಣ್ಣು ಮುಚ್ಚುವಾಗ "ಚಿತ್ರ... ಚಿತ್ರ..." ಎಂದಷ್ಟೇ ಹೇಳಿದರಂತೆ, ಇದು ಮಾಲಿಯ ವರದಿ.

"ನೀನು ಅಲ್ಲಿದ್ಯಾ?"

"ನಾನಿನ್ನೂ ಹುಟ್ಟಿರ್ಲಿಲ್ಲ. ಅದಕ್ಕೇ ಪೂರ್ತಿ ಕೇಳಿಸ್ಲಿಲ್ಲ."

ಸತ್ಯಣ್ಣ ಹಲ್ಲು ಕಚ್ಚಿಕೊಂಡು ಎದುರುಮನೆಯ ಅಜ್ಜಿಯ ಬಳಿಗೆ ಓಡಿದ. ಆ ಬೀದಿಯಲ್ಲಿ ಅಜ್ಜಿಗಿಂತ ಹಳೆಯದು ಬಂಗಲೆಯೊಂದೇ. ಗೇಟಿನಲ್ಲಿ ನಾಯಿ ಅವನ ಪ್ಯಾಂಟಿನ ಅಂಚನ್ನು ವಶಪಡಿಸಿಕೊಂಡಿತು. ಒಳಗೆ ಅಜ್ಜಿ ಅವನಿಂದ ಫ್ಯಾನು ಒರೆಸಿಸಿದರು, ಕನ್ನಡಕ ಬಿಚ್ಚಿಡಿಸಿ ಸೂಜಿಗಳಿಗೆಲ್ಲ ದಾರ ಹಾಕಿಸಿದರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿ, "ಆ ಬಂಗಲೆ ವಿಚಾರ ತಾನೇ?" ಎಂದು ಶುರು ಮಾಡಿದರು.

"ಆ ಮನೆಯಮ್ಮನಿಗೆ ಚಿತ್ರ ಬರೆಯೋ ಹುಚ್ಚು ಕಣಪ್ಪ. ಕುದುರೆ ಬರೆದ್ರೆ ನಾಯಿ ಥರ, ನಾಯಿ ಬರೆದ್ರೆ ಗಂಡನ ಥರ. ಗೋಡೆ ತುಂಬ್ತು, ಮಂಚ ತುಂಬ್ತು, ಅಡುಗೆಮನೇನೂ ತುಂಬ್ತು. ಕೊನೆಗೆ ಮನೇನ ಚಿತ್ರಗಳಿಗೇ ಬಿಟ್ಟು, ಇವರು ಬಾಡಿಗೆಮನೆಗೆ ಹೋದ್ರು."

ಸತ್ಯಣ್ಣನಿಗೆ ಚಿತ್ರಶಾಲೆಯ ಕುದುರೆಗಳು ನೆನಪಾದವು. ಅನುಮಾನವೇ ಉಳಿಯಲಿಲ್ಲ.

ಅವನು ಏದುಸಿರು ಬಿಡುತ್ತ ಮರಳುವ ಹೊತ್ತಿಗೆ ಮೊಮ್ಮಗಳು ಬಂದಾಗಿತ್ತು. ಕೆಲಸ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಾಯಿ ತೆರೆದ. ಕುದುರೆಯ ಸಂಗತಿಗೆ ಮೇಲಧಿಕಾರಿ ಕೆಮ್ಮಿದರು. ನಾಯಿ ಮತ್ತು ಗಂಡನ ಸಂಗತಿಗೆ ಟಿಕೆಟ್ ಅಕ್ಕ ಅವನ ತೋಳು ಚಿವುಟಿದಳು. ಆದರೂ ಒಂದಕ್ಷರ ಬಿಡದೆ ಹೇಳಿ ಮುಗಿಸಿದ.

ಮೊಮ್ಮಗಳು ಬಹಳ ಹೊತ್ತು ಗೋಡೆಯ ಮೇಲಿನ ಕುದುರೆಯನ್ನೇ ನೋಡಿದರು. ಕಣ್ಣಲ್ಲಿ ನೀರು.

"ನಾನೂ ಬರೀತೀನಿ. ಹೀಗೇ ಬರೀತೀನಿ. ಈ ಹುಚ್ಚು ಎಲ್ಲಿಂದ ಅಂಟಿಕೊಳ್ತು ಅಂತ ಮನೆಯವರು ದಿನಾ ಆಡಿಕೊಳ್ತಾರೆ. ಅಜ್ಜಿಯಿಂದ ಬಂದಿದ್ದು ಅಂತ ಇವತ್ತು ಗೊತ್ತಾಯ್ತು. ಇದನ್ನ ಕಲ್ಲಲ್ಲಿ ಕೆತ್ತಿಸಿ ಇಲ್ಲಿ ಹಾಕಿಸ್ತೀನಿ. ಹುಡುಕಿದ ನಿಮ್ಮ ಹೆಸರೂ ಇರ್ಬೇಕು."

ಸತ್ಯಣ್ಣನ ಎದೆ ಉಬ್ಬಿತು. ಅವನು ಮರೆತು ಬಂದಿದ್ದ ಕನ್ನಡಕವನ್ನು ಹಿಡಿದುಕೊಂಡು ಎದುರುಮನೆಯ ಅಜ್ಜಿ ಬಾಗಿಲಿಗೆ ಬಂದದ್ದು ಆಗಲೇ. ಅವರು ಗೋಡೆಗಳನ್ನೆಲ್ಲ ನೋಡಿ, ಅವನ ಕಿವಿಯಲ್ಲಿ ಹೇಳಿದರು:

"ಈ ಮನೆ ಕತೆ ಕೇಳಿದ್ಯೇನಪ್ಪ? ನಾನು ಹೇಳಿದ್ದು ಪಕ್ಕದ್ದು. ಈಗ ಪೆಟ್ರೋಲ್ ಬಂಕ್ ಇದೆಯಲ್ಲ, ಅಲ್ಲಿತ್ತು. ಅದನ್ನ ಕೆಡವುವಾಗ ಚಿತ್ರಗಳನ್ನೆಲ್ಲ ತಂದು ಇಲ್ಲಿ ಸುರಿದ್ರು, ಇದು ಖಾಲಿ ಬಿದ್ದಿತ್ತು ಅಂತ. ಈ ಮನೆಯೋರು ಯಾರೂ ಕುಂಚ ಮುಟ್ಟಿದೋರಲ್ಲ."

ಸತ್ಯಣ್ಣ ಬೆವರು ಒರೆಸಿಕೊಂಡು ಸೀದಾ ಮೊಮ್ಮಗಳ ಮುಂದೆ ನಿಂತ. ಮೇಲಧಿಕಾರಿ ಅಂಗಿ ಹಿಡಿದು ಎಳೆದರೂ ಅಲುಗಲಿಲ್ಲ.

"ಅಮ್ಮಾ, ನಾನು ಹೇಳಿದ್ದು ಸುಳ್ಳು. ಚಿತ್ರ ಬರೆದೋರು ನಿಮ್ಮಜ್ಜಿ ಅಲ್ಲ."

ಆಕೆಯ ಮುಖ ಬಾಡಿತು. ಮೇಲಧಿಕಾರಿ ನಗುತ್ತ ನಡುವೆ ಬಂದರು.

"ಇವನು ಹೀಗೇ ಮೇಡಂ, ಬಹಳ ಸಂಕೋಚದ ಮನುಷ್ಯ. ಕಲ್ಲಲ್ಲಿ ತನ್ನ ಹೆಸರು ಬೇಡ ಅಂತ ಸುಳ್ಳು ಹೇಳ್ತಿದ್ದಾನೆ."

"ಹೌದೌದು," ಎಂದರು ಟಿಕೆಟ್ ಅಕ್ಕ, ಮಾಲಿ, ಎಲ್ಲರೂ.

ಮೊಮ್ಮಗಳ ಮುಖ ಮತ್ತೆ ಅರಳಿತು. "ಎಂಥ ದೊಡ್ಡ ಮನಸ್ಸಪ್ಪ ನಿಮ್ದು," ಎಂದು ಅವನ ಕೈ ಹಿಡಿದುಕೊಂಡರು. "ಹಾಗಾದ್ರೆ ನಿಮ್ಮ ಹೆಸರು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇರ್ಲಿ."