ಖಂಡನಾ ಸಭೆಯ ಅಧ್ಯಕ್ಷರು

ನಮ್ಮ ಜನಕ್ಕೆ ಅಧ್ಯಕ್ಷರಿಲ್ಲದೆ ಯಾರನ್ನಾದರೂ ಬೈಯುವುದಕ್ಕೂ ಬರುವುದಿಲ್ಲ. ಮನೆಯೊಳಗಿನ ಬೈಗುಳಕ್ಕೆ ಚಿಂತೆಯಿಲ್ಲ, ಅಲ್ಲಿ ಹೆಂಡತಿಯೇ ಕಾಯಂ ಅಧ್ಯಕ್ಷೆ. ನಾಲ್ಕು ಜನ ಸೇರಿ, ಬಾಡಿಗೆಗೆ ಮೈಕು ತಂದು ಬೈಯಬೇಕೆಂದರೆ ಮಾತ್ರ ಪ್ರಾರ್ಥನೆ, ಸ್ವಾಗತ, ಹಾರ, ಅಧ್ಯಕ್ಷರ ನುಡಿ, ವಂದನಾರ್ಪಣೆ ಎಲ್ಲವೂ ಆಗಲೇಬೇಕು. ನಾನು ಪಾಠ ಹೇಳುತ್ತಿದ್ದ ಹೈಸ್ಕೂಲಿನಲ್ಲಿ ಒಮ್ಮೆ ತೀರಿಹೋದ ಡ್ರಿಲ್ ಮೇಷ್ಟ್ರಿಗೆ ಸಂತಾಪ ಸಭೆ ಏರ್ಪಾಡಾಗಿತ್ತು. ಅಧ್ಯಕ್ಷರು ಬರುವುದು ತಡವಾದ್ದರಿಂದ ನಾವೆಲ್ಲ ದುಃಖವನ್ನು ಮುಂದಕ್ಕೆ ಹಾಕಿ, ಕಡಲೆಕಾಯಿ ತಿನ್ನುತ್ತ ಕುಳಿತಿದ್ದೆವು. ಕೊನೆಗೆ ಬಂದ ಮಹನೀಯರು ಅಭ್ಯಾಸಬಲದಿಂದ, ಇಂಥ ಸಭೆಗಳು ಈ ಶಾಲೆಯಲ್ಲಿ ಮೇಲಿಂದ ಮೇಲೆ ನಡೆಯುತ್ತಿರಲಿ ಎಂದು ಹಾರೈಸಿ ಹೋದರು. ಉಳಿದ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾನು ಹೇಳಹೊರಟದ್ದು ಮೋರಿಯ ವಿಷಯ. ಎಂಬತ್ತರ ದಶಕದ ನಡುವಿನ ಮಾತು. ಸಂಜಯನಗರದಿಂದ ಹೆಬ್ಬಾಳದ ಕಡೆಗೆ ಹೋಗುವಾಗ ಸಿಗುತ್ತಿದ್ದ ನಮ್ಮ ಬೀದಿಯಲ್ಲಿ ಮೋರಿಗೆ ಚಪ್ಪಡಿ ಕಲ್ಲು ಮುಚ್ಚಿದ್ದರು. ಹೂಳು ತೆಗೆಯುತ್ತೇವೆಂದು ಬಂದವರು ಚಪ್ಪಡಿಗಳನ್ನೆಲ್ಲ ಎಬ್ಬಿಸಿ ಲಾರಿಗೆ ಹೇರಿಕೊಂಡು ಹೋದರು. ಹೂಳು ಅಲ್ಲಿಯೇ ಉಳಿಯಿತು. ನಮ್ಮ ಮನೆಯ ಎದುರಿಗೇ ಬಾಷಾ ಸಾಹೇಬರ ಹೊಲಿಗೆ ಅಂಗಡಿ. ಅಕಾಲದ ಮಳೆ ಬಂದು ಕರೆಂಟು ಹೋದ ಒಂದು ಸಂಜೆ, ಅಂಗಡಿ ಬಾಗಿಲು ಹಾಕಿ ಇಳಿಯುತ್ತಿದ್ದ ಆ ಮನುಷ್ಯ ನೇರವಾಗಿ ಮೋರಿಯೊಳಕ್ಕೆ ಇಳಿದುಬಿಟ್ಟರು. ಮುರಿದದ್ದು ಬಲಗಾಲು, ಮೆಷಿನ್ ತುಳಿಯುವ ಕಾಲು. ಕಟ್ಟು ಕಟ್ಟಿಸಿಕೊಂಡು ಬಂದವರು ಸುಮ್ಮನೆ ಕೂರಲಿಲ್ಲ. ಅವರ ಹೆಂಡತಿ ಪಕ್ಕದಲ್ಲಿ ಕೂತು ಕೈಯಿಂದ ಚಕ್ರ ತಿರುಗಿಸುತ್ತಿದ್ದರು, ಇವರು ಬಟ್ಟೆ ಹಿಡಿದು ಹೊಲಿಯುತ್ತಿದ್ದರು. ಆದರೆ ಗಿರಾಕಿಗಳು ಬರಬೇಕಲ್ಲ? ಮೋರಿಯ ಮೇಲೆ ಅಡ್ಡ ಹಾಕಿದ್ದ ಒಂದು ಅಲುಗಾಡುವ ಹಲಗೆಯನ್ನು ಮಕ್ಕಳನ್ನೆತ್ತಿಕೊಂಡ ಹೆಂಗಸರು ದೂರದಿಂದಲೇ ನೋಡಿ ಹಿಂದಿರುಗುತ್ತಿದ್ದರು. ಮುಂದೆ ರಂಜಾನ್ ಬರುವುದಿತ್ತು, ಬಾಷಾ ಸಾಹೇಬರಿಗೆ ವರ್ಷದ ಅನ್ನ ಹುಟ್ಟುವ ತಿಂಗಳು. ಅಷ್ಟರೊಳಗೆ ಅಂಗಡಿ ಮುಂದೆ ಎರಡು ಚಪ್ಪಡಿ ಬೀಳದಿದ್ದರೆ ಅಂಗಡಿ ಮುಚ್ಚಬೇಕು.

ನಮ್ಮ ಕೌನ್ಸಿಲರ್ ಚೌಡಪ್ಪನವರು ಜೀಪಿನಲ್ಲಿ ಬಂದರು. ನಮ್ಮ ಬಡಾವಣೆ ರಾಗಿ ಹೊಲವಾಗಿದ್ದಾಗ ಅದರ ಒಡೆಯರಾಗಿದ್ದ ಮನೆತನದವರು, ಬಿಳಿ ಪಂಚೆಯ ದೊಡ್ಡ ಆಳು. ಮೋರಿ ನೋಡಿದರು, ಕಟ್ಟು ಹಾಕಿದ ಕಾಲು ನೋಡಿದರು, "ಅಯ್ಯೋ ಪಾಪ" ಎಂದರು, ಹೋದರು. ಕೌನ್ಸಿಲರುಗಳ ಭತ್ಯೆಯ ಬಗ್ಗೆ ಊರೆಲ್ಲ ಚರ್ಚೆ ಎದ್ದಿದ್ದ ಕಾಲ ಅದು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಸೀಮೆಎಣ್ಣೆಯ ಕ್ಯೂನಲ್ಲಿ ಅದೇ ಮಾತು. ಕೂತರೆ ಸಭಾ ಭತ್ಯೆ, ಎದ್ದು ಹೊರಟರೆ ಪ್ರಯಾಣ ಭತ್ಯೆ, ಹೋಗಿ ನಿಂತು ನೋಡಿದರೆ ಪರಿಶೀಲನಾ ಭತ್ಯೆ. ನೋಡಿದ್ದನ್ನು ಸರಿಪಡಿಸುವುದಕ್ಕೆ ಮಾತ್ರ ಯಾವ ಭತ್ಯೆಯೂ ಇರಲಿಲ್ಲ, ಆದ್ದರಿಂದ ಯಾರೂ ಸರಿಪಡಿಸುತ್ತಿರಲಿಲ್ಲ. ಬಾಷಾ ಸಾಹೇಬರ ಕಾಲು ನೋಡಿ ಹೋದದ್ದಕ್ಕೂ ಚೌಡಪ್ಪನವರಿಗೆ ಭತ್ಯೆ ಬರುತ್ತದೆಂದು ತಿಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಿವಾಸಿಗಳ ಸಂಘಕ್ಕೆ ನಾನೇ ಕಾರ್ಯದರ್ಶಿ. ಖಂಡನಾ ಸಭೆ ಕರೆದೇಬಿಟ್ಟೆ.

ಕರೆದ ಮೇಲೆ ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಬಂತು. ಸಂಘದ ಹಿರಿಯರಾದ ನಿವೃತ್ತ ತಹಸೀಲ್ದಾರರು ಕನ್ನಡಕ ಒರೆಸಿಕೊಂಡು, "ವಾರ್ಡಿನ ಸಭೆ ಅಂದ್ಮೇಲೆ ವಾರ್ಡಿನ ಕೌನ್ಸಿಲರೇ ಅಧ್ಯಕ್ಷರು ಕಣ್ರೀ. ಬಿಟ್ಟು ಮಾಡಿದ್ರೆ ಮರ್ಯಾದೆ ಅಲ್ಲ" ಎಂದರು. ನಗಬೇಡಿ, ನಮಗೆ ಯಾರಿಗೂ ಅವತ್ತು ನಗು ಬರಲಿಲ್ಲ. ಅದು ಸರಿಯಾದ ಮಾತು ಎಂದೇ ತೋರಿತು. ನಾನೇ ಹಣ್ಣು ಹಿಡಿದುಕೊಂಡು ಕರೆಯಲು ಹೋದೆ.

"ಏನ್ ಸಭೆ ಮೇಷ್ಟ್ರೇ?" ಎಂದರು ಚೌಡಪ್ಪನವರು.

"ತಮ್ಮ ಭತ್ಯೆ ಖಂಡಿಸೋಕೆ ಸಾರ್."

"ಓ, ಆಗ್ಲಿ ಬುಡಿ, ಅದುಕ್ಕೇನಂತೆ. ಎಷ್ಟೊತ್ಗೆ ಬರ್ಲಿ?"

ಭಾನುವಾರ ಶಾಮಿಯಾನದ ಕೆಳಗೆ ಅವರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಗಂಧದ ಹಾರ ಹಾಕಿದೆವು. ನನ್ನ ಭಾಷಣ ಕಿಡಿ ಕಾರುವಂತಿತ್ತು, ವಾರವಿಡೀ ತಿದ್ದಿದ್ದೆ. ಆದರೆ ನಮ್ಮ ಕೈಯಾರೆ ಹಾಕಿದ ಹಾರ ಒಬ್ಬನ ಕೊರಳಲ್ಲಿ ಘಮಘಮಿಸುತ್ತಿರುವಾಗ ಅವನನ್ನು ದುಡ್ಡು ತಿನ್ನುವವನು ಎನ್ನುವುದು ಹೇಗೆ? "ಮಾನ್ಯ ಅಧ್ಯಕ್ಷರೇ" ಎಂದು ಶುರುಮಾಡಿದವನು "ಎಲ್ಲೋ ಕೆಲವು ಕಡೆ, ಯಾರೋ ಕೆಲವರು" ಎಂದು ಸುತ್ತಿ ಬಳಸಿ ಮುಗಿಸಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅಧ್ಯಕ್ಷರೇ. ಆಮೇಲೆ ಮುಂದಿನ ಸಾಲಿನಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದ ಬಾಷಾ ಸಾಹೇಬರು ಕೈಯೆತ್ತಿದರು. "ನನ್ಗೆ ಭತ್ಯೆ ಗಿತ್ಯೆ ಗೊತ್ತಿಲ್ಲ ಸಾಬ್. ಅಂಗಡಿ ಮುಂದೆ ಎರಡು ಕಲ್ಲು ಹಾಕ್ಸಿ, ಬಸ್. ರಂಜಾನ್ ಬಂದ್ಬಿಡ್ತು."

ಚೌಡಪ್ಪನವರು ಮೈಕು ಹತ್ತಿರಕ್ಕೆ ಎಳೆದುಕೊಂಡರು. "ನೀವು ಯೋಳಿದ್ದೆಲ್ಲ ದಿಟ. ಜನದ್ ದುಡ್ ತಿಂದೋರು ಉದ್ದಾರ ಆಗಾಕಿಲ್ಲ. ಆದ್ರೆ ನಾನು ಬಂದ್ರೆ ಭತ್ಯೆಗ್ ಬಂದ ಅಂತೀರ, ಬರ್ದೇ ಓದ್ರೆ ಮಕ ತೋರ್ಸಾಕಿಲ್ಲ ಅಂತೀರ. ಇಂಗಂದ್ರೆ ಎಂಗೆ? ನಾನು ಬರ್ಬೇಕೋ ಬ್ಯಾಡ್ವೋ, ನೀವೇ ಯೋಳಿ."

"ಬರ್ಬೇಕು! ಬರ್ಬೇಕು!" ಎಂದಿತು ಸಭೆ. ಗಟ್ಟಿಯಾಗಿ ಕೂಗಿದವರಲ್ಲಿ ನಾನೂ ಒಬ್ಬ. ತಹಸೀಲ್ದಾರರು ಆ ಕ್ಷಣವೇ ನಿರ್ಣಯ ಬರೆಯಲು ಹೇಳಿದರು. ಮಾನ್ಯ ಕೌನ್ಸಿಲರು ವಾರಕ್ಕೊಮ್ಮೆ ಖುದ್ದಾಗಿ ಬಂದು ಮೋರಿಯ ನಿರಂತರ ಪರಿಶೀಲನೆ ನಡೆಸತಕ್ಕದ್ದು ಎಂದು ನಾನೇ ಬರೆದು, ನಾನೇ ಓದಿದೆ. 'ನಿರಂತರ' ಎಂಬ ಮಾತು ಹೊಳೆದದ್ದಕ್ಕೆ ಒಳಗೊಳಗೇ ಹಿಗ್ಗಿದ್ದೆ. ಸರ್ವಾನುಮತದಿಂದ ಪಾಸಾಯಿತು. ಅಷ್ಟರಲ್ಲಿ ಉಪ್ಪಿಟ್ಟು ಬಂದದ್ದರಿಂದ ಭತ್ಯೆಯ ಖಂಡನೆ ಉಳಿದುಹೋಯಿತು.

ಆಮೇಲೆ ಶನಿವಾರ ಶನಿವಾರ ಜೀಪು ತಪ್ಪದೆ ಬಂತು. ಚೌಡಪ್ಪನವರು ಮೋರಿಯೊಳಕ್ಕೆ ಇಣುಕುವುದು, ತಲೆಯಾಡಿಸುವುದು, ಕಾರ್ಯದರ್ಶಿಯಾದ ನನ್ನ ಮನೆ ಮುಂದೆ ನಿಂತು ಕಾಫಿ ಕುಡಿದು ಹೋಗುವುದು. "ರೀ, ಅವ್ರಿಗೆ ಬರೋದಕ್ಕೆ ಭತ್ಯೆ, ಬಗ್ಗಿ ನೋಡೋದಕ್ಕೆ ಭತ್ಯೆ. ನನ್ನ ಕಾಫಿಪುಡಿಗೆ ಯಾವ ಭತ್ಯೆ?" ಎಂದಳು ನನ್ನ ಹೆಂಡತಿ ಸರೋಜ. ಚಪ್ಪಡಿ ಯಾವಾಗ ಎಂದು ನಾನು ಧೈರ್ಯ ಮಾಡಿ ಕೇಳಿದರೆ, "ಪರಿಶೀಲ್ನೆ ಮುಗೀದೆ ಕಲ್ ಆಕ್ಸಕ್ಕಾಯ್ತದಾ ಮೇಷ್ಟ್ರೇ? ನಿರಂತರ ಅಂತ ನೀವೇ ಬರ್ದಿದ್ದೀರಲ್ಲ. ಏನ್ ಚೆಂದಾಗ್ ಬರ್ದಿದ್ದೀರಿ ಅಂತೀನಿ!" ಎಂದು ಬೆನ್ನು ತಟ್ಟಿದರು. ನಾಚಿಕೆಗೇಡು, ಆ ಹೊಗಳಿಕೆ ನನಗೆ ಹಿತವಾಗಿಯೇ ಇತ್ತು.

ರಂಜಾನ್ ಬಂತು, ಹೋಯಿತು. ಹಲಗೆ ದಾಟಿ ಬಂದವರು ಯಾರೂ ಇಲ್ಲ. ಆರ್.ಟಿ. ನಗರದಲ್ಲಿ ಭಾವಮೈದುನನ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಾಕುವ ಕೆಲಸಕ್ಕೆ ಬಾಷಾ ಸಾಹೇಬರು ಒಪ್ಪಿಕೊಂಡರು. ಅವರು ಮೆಷಿನ್ ಸಾಗಿಸಲು ತಳ್ಳುಗಾಡಿ ತಂದದ್ದು ಒಂದು ಶನಿವಾರ, ಪರಿಶೀಲನೆ ನಡೆಯುತ್ತಿದ್ದ ಹೊತ್ತಿಗೇ. ಗಾಡಿಯವನು ಒಂದು ಕಡೆ, ಅವರ ಹೆಂಡತಿ ಇನ್ನೊಂದು ಕಡೆ ಹಿಡಿದು ಆ ಕಬ್ಬಿಣದ ಭಾರವನ್ನು ಹಲಗೆಯ ಮೇಲೆ ತಂದರು. ನಡುವೆ ಹಲಗೆ ಬಾಗಿತು.

"ಉಸಾರು ಬಾಷಾ, ಮೋರಿ ಐತೆ" ಎಂದರು ಚೌಡಪ್ಪನವರು.

ಕೋಲೂರಿ ನಿಂತಿದ್ದ ಬಾಷಾ ಸಾಹೇಬರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಜರಾ ಒಂದು ಕೈ ಹಿಡೀರಿ."

ನನ್ನ ಎರಡೂ ಕೈಯಲ್ಲಿ ಕೌನ್ಸಿಲರ್ ಸಾಹೇಬರ ಕಾಫಿಯ ತಟ್ಟೆ ಇತ್ತು. ಅದನ್ನು ಎಲ್ಲಿ ಇಡಲಿ ಎಂದು ಸುತ್ತಮುತ್ತ ನೋಡಿದೆ. ನೋಡಿ ಮುಗಿಯುವಷ್ಟರಲ್ಲಿ ಅವರೇ ಹೇಗೋ ದಾಟಿಸಿಬಿಟ್ಟಿದ್ದರು. ಕಾಫಿ ಮಾತ್ರ ಒಂದು ತೊಟ್ಟೂ ಚೆಲ್ಲಿರಲಿಲ್ಲ.