ಬಾನೆಟ್ ಮೇಲಿನ ಮುರುಗಲು

ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ನಮ್ಮ ಕಾರಿನ ಬಾನೆಟ್ ಮೇಲೆ ಮುರುಗಲು ಸಿಪ್ಪೆ ಹರವುತ್ತಿದ್ದೆ. ನಗಬೇಡಿ. ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಅಗಸೂರಿನ ಹೆಂಗಸರಿಗೆ ಬಿಸಿಲು ಬೀಳುವ ಜಾಗವೆಲ್ಲ ಒಂದೇ. ಅದು ಅಂಗಳವೋ, ಬಾವಿಕಟ್ಟೆಯೋ, ಗಂಡನ ವಾಹನವೋ ಎಂದು ಭೇದ ಮಾಡುತ್ತ ಕೂರುವಷ್ಟು ಪುರಸೊತ್ತು ಯಾರಿಗಿದೆ? ಸಾರಿಗೆ ಹುಳಿಯಾಗುವ ಈ ಕೆಂಪು ಹಣ್ಣಿನ ಸಿಪ್ಪೆಯನ್ನು ಉಪ್ಪು ಬೆರೆಸಿದ ಅದರದ್ದೇ ರಸದಲ್ಲಿ ಅದ್ದಬೇಕು, ಒಣಗಿಸಬೇಕು, ಮತ್ತೆ ಅದ್ದಬೇಕು, ಮತ್ತೆ ಒಣಗಿಸಬೇಕು. ನೆಲದ ಮೇಲೆ ಹಾಕಿದರೆ ಕೋಳಿ ಕೆದರುತ್ತದೆ. ಬಾನೆಟ್ಟಾದರೆ ಎತ್ತರ, ಮೇಲಾಗಿ ದೋಸೆ ಕಾವಲಿಯಂತೆ ಕಾಯುತ್ತದೆ. ಈ ಉಪಾಯ ಹೇಳಿಕೊಟ್ಟವರು ನಮ್ಮ ಅತ್ತೆ. ಎರಡೂ ಕಣ್ಣಿಗೆ ಪೊರೆ ಬಂದು ಕಾರು ಎಲ್ಲಿ ನಿಂತಿದೆ ಎಂದೇ ಕಾಣದ ಅತ್ತೆ, ಒಂದು ದಿನ ಬಾನೆಟ್ ತಡವಿ ನೋಡಿ, "ಇಷ್ಟೆಲ್ಲ ಬಿಸಿ ಸುಮ್ನೆ ದಂಡ ಆಗ್ತದಲ್ಲೇ ತಂಗೀ" ಎಂದಿದ್ದರು. ನಮ್ಮವರು ಕಚೇರಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಅವರು ಸಂಜೆ ಬರುವಷ್ಟರಲ್ಲಿ ಸಿಪ್ಪೆ ಮೊರಕ್ಕೆ, ಬಟ್ಟೆಯಲ್ಲಿ ಒರೆಸಿದ ಬಾನೆಟ್ ಮೊದಲಿನಂತೆ. ಹೀಗೆ ಆ ಬೇಸಿಗೆ ದೇವರ ದಯೆಯಿಂದ ನಡೆದುಕೊಂಡು ಹೋಗುತ್ತಿತ್ತು.

ಫೋನಿನಲ್ಲಿ ಕಾರವಾರದ ಆಸ್ಪತ್ರೆಯ ಹುಡುಗಿ. ಈ ದಿನ ಆಪರೇಶನ್ ಆಗಬೇಕಿದ್ದ ಯಾರಿಗೋ ಕೆಮ್ಮು ಹಿಡಿದಿದೆ, ಆ ಜಾಗ ಖಾಲಿಯಾಗಿದೆ, ನಿಮ್ಮ ಅತ್ತೆಯವರನ್ನು ಕರೆತರುತ್ತೀರಾ ಎಂದು ಕೇಳಿದಳು. ಹೊರಗಿನಿಂದ ಬರುವ ಕಣ್ಣಿನ ಡಾಕ್ಟರು ಮಧ್ಯಾಹ್ನಕ್ಕೆ ಹೊರಟುಬಿಡುತ್ತಾರಂತೆ. ತಪ್ಪಿದರೆ ಮಳೆಗಾಲ ಮುಗಿಯುವವರೆಗೆ ಅವರು ಇತ್ತ ಬರುವುದಿಲ್ಲವಂತೆ. ಅತ್ತೆ ಅದರ ಹಿಂದಿನ ವಾರ ದೇವರಿಗೆ ಏರಿಸಬೇಕಾದ ದಾಸವಾಳವನ್ನು ಮಿಕ್ಸರಿಗೆ ಏರಿಸಿ ಕೈಮುಗಿದಿದ್ದರು. ನಾವು ನಕ್ಕೆವು, ಗೊತ್ತಾದ ಮೇಲೆ ಅತ್ತೆಯೂ ನಕ್ಕರು. ಆದರೆ ಬಾವಿಕಟ್ಟೆಯ ಹತ್ತಿರ ಅವರ ಹೆಜ್ಜೆ ತಪ್ಪಿದ ದಿನ ಯಾರೂ ನಗಲಿಲ್ಲ. ಮಳೆ ಬಿದ್ದು ಅಂಗಳಕ್ಕೆಲ್ಲ ಪಾಚಿ ಹಿಡಿದ ಮೇಲೆ ಆ ಕಣ್ಣಿನಲ್ಲಿ ಅವರನ್ನು ಹೇಗೆ ಕಾಯುವುದು ಎಂಬುದೇ ನನ್ನ ರಾತ್ರಿಯ ಜಪವಾಗಿತ್ತು.

ಆ ದಿನ ರಜೆ, ಅದನ್ನು ಮರೆತೇ ಸಿಪ್ಪೆ ಹರವಿದ್ದೆ. ನಮ್ಮವರು ಸ್ನಾನಕ್ಕಿಳಿದಿದ್ದರು. ಅವರು ಬಚ್ಚಲಿನಿಂದ ಹೊರಬರುವುದರೊಳಗೆ ಸಿಪ್ಪೆಯನ್ನೆಲ್ಲ ಮೊರಕ್ಕೆ ಬಾಚಿಕೊಂಡೆ. ಬಾಡಿಗೆ ಗಾಡಿಗೆ ಫೋನು ಮಾಡಿದರೆ ಮದುವೆಯ ಹಂಗಾಮು, ಒಂದೂ ಇಲ್ಲ. ಬಸ್ಸು ಹತ್ತಿದರೆ ಅತ್ತೆಗೆ ವಾಂತಿ. ಉಳಿದದ್ದು ನಮ್ಮ ಕಾರೇ. ಅದರ ಹೆಸರು ಎತ್ತಿದ ಕೂಡಲೇ ನಮ್ಮವರ ಮುಖ ಬಾಡಿತು.

ನಮ್ಮ ಕಾರಿನ ಕಾಯಿಲೆ ಏನೆಂದು ಹೇಳಬೇಕು. ನಿಂತಲ್ಲಿ ಇಂಜಿನ್ ಚೆನ್ನಾಗಿಯೇ ಓಡುತ್ತದೆ. ಎಕ್ಸಲೇಟರ್ ಒತ್ತಿದರೆ ಮಾತ್ರ, ಸಾಲ ಕೇಳಿದವರ ಎದುರು ಭಾವನೆಂಟ ಯೋಚಿಸಿದ ಹಾಗೆ ಒಂದು ಗಳಿಗೆ ಯೋಚಿಸಿ, ಎರಡು ಸಲ ಕೆಮ್ಮಿ, ಆಮೇಲೆ ಮುಂದೆ ಹೋಗುತ್ತದೆ. ಏರು ಬಂದರೆ ಆ ಯೋಚನೆ ಮುಗಿಯುವುದೇ ಇಲ್ಲ. "ಪೆಟ್ರೋಲಲ್ಲಿ ನೀರು ಅದೆ" ಎಂದು ನಮ್ಮವರ ತೀರ್ಪು. ಅಂಕೋಲೆಯ ಗ್ಯಾರೇಜಿನವರು ಪ್ಲಗ್ ಬದಲಿಸಿದರು, ಫಿಲ್ಟರ್ ಬದಲಿಸಿದರು, ಒಳಗೆಲ್ಲ ಒರೆಸಿ ಕಳಿಸಿದರು. ಕೆಲವು ದಿನ ಕುದುರೆಯಂತೆ ಓಡಿತು. ನಾನು ದೇವರಿಗೆ ಹರಕೆ ಹೊತ್ತಿದ್ದೆನಾದ್ದರಿಂದ ಗುಣವಾದದ್ದು ಅದರಿಂದಲೇ ಎಂದುಕೊಂಡು ಕಾಯಿ ಒಡೆಸಿ ಬಂದೆ. ಬಂದವಳು ಮುಂದಿನ ಕಂತಿನ ಮುರುಗಲು ಅದ್ದಿ ಒಣಹಾಕಿದೆ. ಕಾರು ಮತ್ತೆ ಕೆಮ್ಮತೊಡಗಿತು. ಇವೆರಡಕ್ಕೂ ಸಂಬಂಧ ಇರಬಹುದೆಂದು, ದೇವರ ಆಣೆ, ನನಗೆ ಹೊಳೆಯಲೇ ಇಲ್ಲ.

ಅಂತೂ ಅದರಲ್ಲೇ ಹೊರಟೆವು. ಬಾಳೆಗುಳಿ ದಾಟಿ ಹೆದ್ದಾರಿ ಹಿಡಿಯುವವರೆಗೆ ಕಾರು ಚೆನ್ನಾಗಿಯೇ ಓಡಿತು. ಅವರ್ಸಾದ ಹತ್ತಿರ ಮೊದಲ ಜರ್ಕು. ಹಿಂದಿನ ಲಾರಿಯವನು ಹಾರ್ನು ಹೊಡೆದು ಬೈದು ಮುಂದೆ ಹೋದ. ನಾನು ಸೆರಗಿನ ಮರೆಯಲ್ಲಿ ಜಪಸರ ಹಿಡಿದೆ. ಅಮದಳ್ಳಿಯಲ್ಲಿ ಇನ್ನೂ ನಾಲ್ಕು ಜರ್ಕು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಮೂಗು ಏರಿಸಿದರು.

"ತಮ್ಮಾ, ಮುರುಗಲು ವಾಸನೆ ಬತ್ತದೆ ನೋಡು."

"ಅಮ್ಮಾ, ಕಾರಲ್ಲಿ ಎಂತಾ ಮುರುಗಲು? ನೀ ಸುಮ್ನೆ ಕೂತ್ಕೊ."

ನಾನು ಕಿಟಕಿಯ ಹೊರಗೆ ಸಮುದ್ರ ನೋಡಿದೆ. ಅಷ್ಟು ಭಕ್ತಿಯಿಂದ ಸಮುದ್ರವನ್ನು ನಾನು ಹಿಂದೆಂದೂ ನೋಡಿದವಳಲ್ಲ.

ಬಿಣಗಾ ಘಾಟಿಯ ಬುಡದಲ್ಲಿ ಕಾರು ಯೋಚಿಸಲು ಶುರುಮಾಡಿದ್ದು ಯೋಚಿಸುತ್ತಲೇ ನಿಂತಿತು. ನಮ್ಮವರು ಕೀಲಿ ತಿರುಗಿಸಿದರು, ಬೈದರು, ಮತ್ತೆ ತಿರುಗಿಸಿದರು. ಕೈ ಮಾಡಿದರೆ ಆ ಏರಿನಲ್ಲಿ ಯಾರೂ ನಿಲ್ಲಿಸಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ಅತ್ತೆ ಮೆಲ್ಲಗೆ, "ಹೋಗ್ಲಿ ಬಿಡು ತಮ್ಮಾ, ಮಳೆ ಕಳೀಲಿ. ನಂಗೆ ಎಂತಾ ನೋಡೂಕದೆ ಇನ್ನು?" ಎಂದರು. ಬಾನೆಟ್ ಎತ್ತಲು ಇಳಿಯುತ್ತಿದ್ದ ನಮ್ಮವರು ಒಂದು ಗಳಿಗೆ ಬಾಗಿಲು ಹಿಡಿದು ನಿಂತರು. ನಾನೂ ಇಳಿದೆ.

ಬಾನೆಟ್ ಎತ್ತಿದರೆ, ಗಾಜಿನ ಬುಡದ ಸಂದಿಯಿಂದ ಇಂಜಿನ್ನಿನವರೆಗೆ ಕೆಂಪು ಕೆಂಪಾದ ಅಂಟು ದಾರಿ. ಅದು ಸೀದಾ ಪ್ಲಗ್ಗಿಗೆ ಕರೆಂಟು ಒಯ್ಯುವ ವೈರುಗಳ ಬುಡಕ್ಕೆ ಇಳಿದಿತ್ತು. ಒಂದು ವೈರನ್ನು ನಮ್ಮವರು ಕಿತ್ತು ನೋಡಿದರೆ ಅದರ ಬಾಯಿಯ ತುಂಬ ಹಸಿರು.

"ಇದೆಂತಾ ಮಾರಾಯ್ತಿ, ಹಸಿರು?"

ಅಷ್ಟು ಮಾತ್ರ ನನಗೆ ಗೊತ್ತಿತ್ತು. ಹುಳಿ ತಾಗಿದ ದೇವರ ದೀಪವನ್ನು ತೊಳೆಯದೆ ಬಿಟ್ಟರೆ ಬರುವುದು ಅದೇ. "ಕಿಲುಬು. ಇಲ್ಲಿ ತನ್ನಿ" ಎಂದು ಕೂದಲಿನ ಪಿನ್ನು ತೆಗೆದು ಕೆರೆದೆ, ಸೆರಗಿನಿಂದ ಒರೆಸಿದೆ. ಒಂದೊಂದೇ ವೈರು ಕಿತ್ತು, ಕೆರೆದು, ಒರೆಸಿ, ಅಲ್ಲಿಯೇ ಸಿಕ್ಕಿಸುತ್ತ ಹೋದೆ. ಬಾಯಲ್ಲಿ ದೇವರ ನಾಮ ನಡೆಯುತ್ತಿತ್ತು.

"ಅದೆಲ್ಲ ಸೈ. ಈ ಕೆಂಪು ಎಲ್ಲಿಂದ ಬಂತು?"

ನಾನು ಸುಳ್ಳು ಹೇಳುವವಳಲ್ಲ. "ಆಯುಧ ಪೂಜೆಗೆ ಕುಂಕುಮ ಹಚ್ಚಿದ್ದು ಹೌದಲ್ಲ" ಎಂದೆ. ಹಚ್ಚಿದ್ದು ಹೌದು.

ನಮ್ಮವರು ಬೆರಳು ಮೂಸಿದರು. "ಕುಂಕುಮ ಹುಳಿ ವಾಸನೆ ಬತ್ತದ್ಯೇ?"

ನಾನು ಬಗ್ಗಿ, ಒರೆಸಿದ ವೈರನ್ನೇ ಮತ್ತೆ ಒರೆಸಿದೆ. ಆಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಬಾನೆಟ್ ತಡವಿ ಉಪಾಯ ಹೇಳಿದ ತಮ್ಮ ಕೈ ಅವರಿಗೆ ನೆನಪಾಗಿರಬೇಕು. "ಹಳೇ ಕುಂಕುಮ ಹುಳಿ ಬಂದೇ ಬತ್ತದೆ ತಮ್ಮಾ. ನಿಂಗೆ ಪೂಜೆ ವಿಷಯ ಎಂತಾ ಗೊತ್ತು? ಗಾಡಿ ಶುರು ಮಾಡು."

ಶುರುವಾಯಿತು. ಏರಿನಲ್ಲಿ ಎಕ್ಸಲೇಟರ್ ಒತ್ತಿದರು. ಕಾರು ಯೋಚಿಸಲಿಲ್ಲ. ಆಸ್ಪತ್ರೆ ತಲುಪಿದಾಗ ಡಾಕ್ಟರು ಬ್ಯಾಗಿಗೆ ಕೈ ಹಾಕಿದ್ದರಂತೆ. ಅತ್ತೆಯನ್ನು ನೋಡಿ ಕೈ ಹಿಂದಕ್ಕೆ ತೆಗೆದರು. ಅವರ ಕೈಗೆ ಪುಣ್ಯ ಬರಲಿ.

ಮರುದಿನ ಆಪರೇಶನ್ ಆದ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದೆವು. ದಾರಿಯಲ್ಲಿ ನಮ್ಮವರು ಪೆಟ್ರೋಲ್ ಬಂಕಿನವರ ಮೇಲಿನ ಸಂಶಯ ಬಿಟ್ಟು, ಇನ್ನು ಮೇಲೆ ಕಾರಿಗೆ ಕುಂಕುಮ ಹಚ್ಚಕೂಡದು ಎಂದು ಅಪ್ಪಣೆ ಕೊಡಿಸಿದರು. ಪೂಜೆಗೇ ಅಪವಾದ ಬಂತಲ್ಲ ಎಂದು ರಾತ್ರಿ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿ ತಪ್ಪೊಪ್ಪಿಕೊಂಡೆ. ದೇವರು ಕ್ಷಮಿಸಿಯಾನು. ನಮ್ಮವರು ಇಂಥ ಬರಹ ಓದುವವರಲ್ಲ, ಅದೂ ಅವನ ದಯೆಯೇ.

ಅದರ ಮರುದಿನ ಅವರು ಬಸ್ಸಿಗೆ ಹೋದ ಮೇಲೆ ಮೊರ ಎತ್ತಿಕೊಂಡು ಅಂಗಳಕ್ಕೆ ಬಂದೆ. ಬಾನೆಟ್ಟಿನ ಹತ್ತಿರವೂ ಸುಳಿಯಲಿಲ್ಲ. ಸಿಪ್ಪೆಯನ್ನೆಲ್ಲ ಕಾರಿನ ನೆತ್ತಿಗೆ, ಮಾಡಿನ ಮೇಲೆ ಹರವಿದೆ. ಮಾಡಿನ ಕೆಳಗೆ ಇಂಜಿನ್ ಇರುವುದಿಲ್ಲ ಎಂದು ನಮ್ಮವರಿಂದಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ ಅತ್ತೆ ಕತ್ತು ಉದ್ದ ಮಾಡಿದರು.

"ಆ ಕೊನೇದು ಮಗುಚಿ ಬಿದ್ದದೆ ನೋಡೇ ತಂಗೀ. ಕಣ್ಣು ಕಾಣೂದಿಲ್ವಾ ನಿಂಗೆ?"

ಹೌದು, ಕೊನೆಯದೊಂದು ಮಗುಚಿಯೇ ಬಿದ್ದಿತ್ತು. ನನಗೆ ಎಲ್ಲ ಮಂಜುಮಂಜಾಗಿ, ತಡವಿ ಹುಡುಕಿ ಅದನ್ನು ಅಂಗಾತ ಮಾಡಿ, ಉಳಿದವನ್ನು ಹರವುತ್ತ ಹೋದೆ.