ಅತ್ತೆಯವರ ಹಿಂದಿನ ಗೋಡೆ

ಇನ್ನು ಮುಂದೆ ನಾನು ತೆಗೆದ ಯಾವ ಫೋಟೊಗೂ ಕಂಪ್ಯೂಟರಿನ ಗಾಳಿ ಸೋಕಿಸುವುದಿಲ್ಲ ಎಂದು ನಮ್ಮ ಕ್ಯಾಮೆರಾ ಬಳಗದ ಸಭೆಯಲ್ಲಿ ಎದ್ದು ನಿಂತು ಘೋಷಿಸಿದವನು ನಾನು. ಬಳಗದ ಅಧ್ಯಕ್ಷರು ಆಗಷ್ಟೇ ಭಾಷಣ ಮುಗಿಸಿದ್ದರು. ಕಣ್ಣಿರುವವರು ಕ್ಯಾಮೆರಾ ಹಿಡಿಯುತ್ತಾರೆ, ಇಲ್ಲದವರು ಎಡಿಟಿಂಗ್ ಮಾಡುತ್ತಾರೆ ಎಂಬುದು ಅದರ ಸಾರ. ಕೇಳಿ ನನ್ನ ಮೈ ಜುಮ್ಮೆಂದಿತು. ಘೋಷಣೆಗೆ ಚಪ್ಪಾಳೆಯೂ ಬಿತ್ತು. ಅದೇ ಗುಂಗಿನಲ್ಲಿ ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ.

"ಶಪಥ ಎಲ್ಲ ಆಮೇಲಿರ್ಲಿ. ನಾಳೆ ಸಂಜೆ ರೈಲಿಗೆ ಅಮ್ಮ ಹೊರಡ್ತಾರೆ. ಅಷ್ಟರೊಳಗೆ ಅವರ ಫೋಟೊ ಆಗ್ಬೇಕು" ಎಂದಳು.

ವಿಷಯ ಸಣ್ಣದಲ್ಲ. ನಮ್ಮ ಅತ್ತೆಯವರು ಕ್ಯಾಮೆರಾ ಕಂಡರೆ ಸರಕ್ಕನೆ ಅಡುಗೆಮನೆ ಸೇರುವವರು. ಮಂಡಿನೋವು ಹೆಚ್ಚಾಗಿ, ಇನ್ನು ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ ಮೇಲೆ ಅವರೇ ಬಾಯಿಬಿಟ್ಟು ಕೇಳಿದ್ದರು.

"ಮಗಳ ಮನೇಲಿ ಕೂತಿರೋ ಹಾಗೆ ಒಂದು ಫೋಟೊ ತೆಗೆದುಕೊಡಿ ಅಳಿಯಂದ್ರೆ. ಮಂಚದ ಪಕ್ಕ ಇಟ್ಕೋತೀನಿ. ಇನ್ನು ಬರೋದಾಗುತ್ತೋ ಇಲ್ವೋ."

ಅವರನ್ನು ಕರೆದೊಯ್ಯಲು ಹೆಂಡತಿಯ ತಮ್ಮ ಬಂದಿದ್ದ. ಫೋಟೊ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುಮಕ್ಕಳ ಮೊಡವೆ ಅಳಿಸುವುದು ಅವನ ಉದ್ಯೋಗ.

"ನೀವು ಹೇಗೋ ಒಂದು ತೆಗೀರಿ ಭಾವ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ.

ಆ 'ಹೇಗೋ' ಎಂಬುದು ನನಗೆ ನಾಟಿತು. "ನೀನು ನೋಡ್ಕೊಳ್ಳೋಕೆ ಅಲ್ಲಿ ಏನೂ ಉಳಿದಿರಲ್ಲ" ಎಂದೆ. ಆ ಮಾತನ್ನು ಮಾರನೆಯ ದಿನ ಚಾಚೂತಪ್ಪದೆ ನಡೆಸಿಕೊಟ್ಟೆ.

ಬೆಳಿಗ್ಗೆ ಅತ್ತೆಯವರನ್ನು ಹಾಲಿನ ಕಿಟಕಿಯ ಬಳಿ, ಬಂದಾಗಲೆಲ್ಲ ಅವರು ಕೂರುವ ಕುರ್ಚಿಯಲ್ಲೇ ಕೂರಿಸಿ ಪರೀಕ್ಷೆಗೆಂದು ಒಂದು ಫೋಟೊ ತೆಗೆದೆ. ಅವರು ಕಣ್ಣು ಮುಚ್ಚಿದ್ದರು. ಅದಾದರೂ ಹೋಗಲಿ ಎನ್ನಬಹುದು. ಕಿವಿಯ ಪಕ್ಕದಲ್ಲೇ ಇನ್ನೊಂದು ಕಿವಿಯಂತೆ ಸ್ವಿಚ್‌ಬೋರ್ಡು. ತಲೆಯ ಹಿಂದೆ ಗೋಡೆಯ ಮೇಲೆ ಅಂಗೈಯಗಲ ಎಣ್ಣೆಜಿಡ್ಡಿನ ಕಲೆ. ಕಿಟಕಿಯಾಚೆ ಪಕ್ಕದ ಮನೆಯ ಟೀಚರಮ್ಮನ ಹಗ್ಗದ ಮೇಲೆ ಅವರ ಇಡೀ ಸಂಸಾರದ ಬಟ್ಟೆ.

ಭಾವಮೈದುನ ಹಿಂದಿನಿಂದ ಇಣುಕಿದ. "ಎಲ್ಲಾ ಐದು ನಿಮಿಷದ ಕೆಲಸ ಭಾವ. ತೆಗೆದುಬಿಡ್ತೀನಿ."

"ನಾನೇ ತೆಗೀತೀನಿ" ಎಂದು ಹೋಗಿ ಸ್ಕ್ರೂಡ್ರೈವರ್ ತಂದೆ.

"ಕುರ್ಚೀನ ಆ ಕಡೆ ಸರಿಸಿದ್ರೆ ಆಗಲ್ವಾ?" ಎಂದಳು ಹೆಂಡತಿ.

"ಬೆಳಕು ಬೀಳೋದು ಇಲ್ಲೇ. ಬೆಳಕಿನ ವಿಷಯದಲ್ಲಿ ರಾಜಿ ಇಲ್ಲ."

ಮೊದಲು ಇಡೀ ಮನೆಯ ಕರೆಂಟು ತೆಗೆದೆ. ಬಚ್ಚಲಲ್ಲಿ ವಾಷಿಂಗ್ ಮೆಷಿನ್ನು ನೊರೆ ತುಂಬಿಕೊಂಡು ನಿಂತುಹೋಯಿತು, ಹೆಂಡತಿಯ ಬಾಯಿ ಶುರುವಾಯಿತು. ನಾನು ಎರಡನ್ನೂ ಗಮನಿಸದೆ ಸ್ವಿಚ್‌ಬೋರ್ಡು ಬಿಚ್ಚಿ, ವೈರುಗಳಿಗೆ ಟೇಪು ಸುತ್ತಿ ಗೋಡೆಯೊಳಗೆ ತುರುಕಿ, ತೂತಿನ ಮೇಲೆ ದಪ್ಪ ಕಾಗದ ಅಂಟಿಸಿದೆ. ಕಳೆದ ಸಲ ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಡಬ್ಬ ಅಟ್ಟದ ಮೇಲಿತ್ತು. ಅದನ್ನಿಳಿಸಿ ಕಾಗದಕ್ಕೂ ಜಿಡ್ಡಿನ ಕಲೆಗೂ ಎರಡು ಕೈ ಬಳಿದೆ. ಈಗ ಬಳಿದಷ್ಟು ಜಾಗ ಬೆಳ್ಳಗಾಗಿ, ಉಳಿದ ಗೋಡೆಯೆಲ್ಲ ಕಲೆಯಂತೆ ಕಾಣತೊಡಗಿತು. ಕ್ಯಾಲೆಂಡರ್ ತೆಗೆದೆ, ಹೆಂಡತಿಯ ಕೈಚೀಲ ನೇತಾಡುತ್ತಿದ್ದ ಮೊಳೆ ಕಿತ್ತೆ, ಗೋಡೆಗೆ ಗೋಡೆಯನ್ನೇ ಬಳಿದು ಮುಗಿಸಿದೆ.

ಅತ್ತೆಯವರು ಹಾಲಿನ ನಡುವೆ, ಕಟ್ಟಿಟ್ಟ ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದರು. "ಸಂಜೆ ರೈಲು ತಾನೆ?" ಎಂದು ಮಗನನ್ನು ಆಗಾಗ ಕೇಳುತ್ತಿದ್ದರು. ನನಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಬಿಸಿಲು ಕಿಟಕಿಯಿಂದ ಮೆಲ್ಲಗೆ ಜಾರುತ್ತಿತ್ತು, ಬಣ್ಣ ಮಾತ್ರ ಒಣಗುತ್ತಿರಲಿಲ್ಲ. ಕರೆಂಟು ಮತ್ತೆ ಕೊಟ್ಟು, ಗೋಡೆಗೆ ಗಾಳಿಯಾಗಲೆಂದು ಫ್ಯಾನ್ ಹಾಕಲು ಕೈಯೆತ್ತಿದೆ. ಸ್ವಿಚ್ಚು ನನ್ನ ಜೇಬಿನಲ್ಲಿತ್ತು. ಕೊನೆಗೆ ನಾನೂ ಭಾವಮೈದುನನೂ ಒಂದೊಂದು ಪೇಪರ್ ಹಿಡಿದು, ಮೂರ್ಛೆ ಹೋದವರಿಗೆ ಬೀಸಿದಂತೆ ಗೋಡೆಗೆ ಬೀಸಿದೆವು.

ಉಳಿದದ್ದು ಟೀಚರಮ್ಮನ ಬಟ್ಟೆ. ಅವರ ಬಾಗಿಲಿಗೆ ಹೋಗಿ ವಿನಯದಿಂದ ಕೇಳಿಕೊಂಡೆ.

"ಸ್ವಲ್ಪ ಹೊತ್ತು ಬಟ್ಟೆ ತೆಗೀತೀರಾ? ಫೋಟೊಗೆ ಅಡ್ಡ ಬರ್ತಿದೆ."

"ನನ್ನ ಬಟ್ಟೆ ಒಣಗೋದು ನಿಮ್ಮ ಫೋಟೊಗೆ ಅಡ್ಡಾನಾ? ಬಿಸಿಲೇನು ನಿಮ್ಮ ಕ್ಯಾಮೆರಾ ಜೊತೆ ಫ್ರೀ ಕೊಟ್ಟಿದ್ರಾ?"

ಅವರು ಒಳಗೆ ಹೋದದ್ದೇ ತಡ, ಹಗ್ಗವನ್ನು ಒಂದು ತುದಿಯಲ್ಲಿ ಸ್ವಲ್ಪ ಸಡಿಲಿಸೋಣ, ಬಟ್ಟೆ ಕಿಟಕಿಯಿಂದ ಕೆಳಕ್ಕಿಳಿದರೆ ಸಾಕು ಎಂದುಕೊಂಡೆ. ಗಂಟು ಪೂರ್ತಿ ಬಿಚ್ಚಿಕೊಂಡಿತು. ಹಾಸಿಗೆ ಹೊದಿಕೆಗಳಿಂದ ಹಿಡಿದು ಅವರ ಯಜಮಾನರ ಬನಿಯನ್ನುಗಳವರೆಗೆ ಎಲ್ಲವೂ ಮಣ್ಣಿಗೆ ಬಿದ್ದವು. ನಾನು ಓಡಿಬಂದು ಕ್ಯಾಮೆರಾದ ಹಿಂದೆ ಅಡಗಿದೆ. ಅತ್ತೆಯವರು ಆಗಲೇ ಕುರ್ಚಿಗೆ ಬಂದಿದ್ದರು. ಹೊರಗಿನಿಂದ ಟೀಚರಮ್ಮನ ದನಿ ಕೇಳಿತು. ನನ್ನ ಓದು, ಬುದ್ಧಿ, ಬೆಳೆಸಿದ ರೀತಿ ಎಲ್ಲದಕ್ಕೂ ಅವರು ಬೇರೆಬೇರೆಯಾಗಿ ಅಂಕ ಕೊಡುತ್ತಿದ್ದರು. ಅದನ್ನು ಕೇಳುತ್ತಾ ಅತ್ತೆಯವರ ತುಟಿಯಂಚಿನಲ್ಲಿ ನಗು ಮೂಡಿತು. ಗುಂಡಿ ಒತ್ತಿದೆ.

ಅದ್ಭುತವಾಗಿ ಬಂದಿತ್ತು. ಭಾವಮೈದುನನ ಮೂಗಿನ ಕೆಳಗೆ ಹಿಡಿದು, "ಏನಾದ್ರೂ ಉಳಿದಿದ್ಯಾ ನಿನಗೆ?" ಎಂದೆ. ಅತ್ತೆಯವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ನಾನೇನೋ ಚೆನ್ನಾಗೇ ಬಂದಿದೀನಿ. ಇದು ಯಾರ ಮನೆ?"

"ಇದೇ ಮನೆ ಅತ್ತೆ."

"ಆಸ್ಪತ್ರೆ ಥರ ಇದೆ. ಗೋಡೆ ಮೇಲೊಂದು ಕಲೆ ಇತ್ತಲ್ಲ?"

"ಅಳಿಸಿಬಿಟ್ಟೆ. ಈಗ ಚೊಕ್ಕಟವಾಗಿದೆ."

"ಅದು ನನ್ನ ತಲೆ ಒರಗಿ ಒರಗಿ ಆಗಿದ್ದು" ಎಂದರು ಅತ್ತೆ. "ನಾನು ಈ ಮನೇಲಿ ಕೂತಿದ್ದಕ್ಕೆ ಅದೊಂದು ಗುರುತಿತ್ತು. ಹೋಗ್ಲಿ ಬಿಡಿ."

ಆ 'ಹೋಗ್ಲಿ ಬಿಡಿ' ಕೇಳಿ ನನಗೆ ನಿಜವಾಗಿ ನಾಚಿಕೆಯಾಯಿತು. ಕೈಗೆಲ್ಲ ಬಣ್ಣ, ಜೇಬಿನಲ್ಲಿ ಸ್ವಿಚ್ಚು, ಎದುರಿಗೆ ರೈಲಿಗೆ ಹೊರಟು ಕೂತ ಮುದುಕಿ. ಇನ್ನೊಂದು ತೆಗೆಯೋಣವೆಂದರೆ ಬಿಸಿಲು ಹೋಗಿತ್ತು. ಗೋಡೆಯನ್ನಾದರೂ ಮೊದಲಿನಂತೆ ಮಾಡೋಣವೆಂದು ತಲೆಗೆ ಹಚ್ಚುವ ಎಣ್ಣೆ ತಂದೆ. ಹೆಂಡತಿ ಬಾಟಲಿ ಕಿತ್ತುಕೊಂಡಳು.

ಇನ್ನೊಂದೇ ದಾರಿ ಉಳಿದಿತ್ತು. ಭಾವಮೈದುನನ ಪಕ್ಕಕ್ಕೆ ಸರಿದು, "ಏನಾದ್ರೂ ಮಾಡಕ್ಕಾಗುತ್ತೇನೋ?" ಎಂದೆ.

"ಕೇಳಿಸ್ಲಿಲ್ಲ ಭಾವ" ಎಂದ. ಅವನಿಗೆ ಚೆನ್ನಾಗಿ ಕೇಳಿಸಿತ್ತು.

"ಎಡಿಟಿಂಗ್ ಮಾಡಪ್ಪಾ" ಎಂದೆ.

"ಮೊದಲನೇ ಫೋಟೊದಲ್ಲಿ ಅಮ್ಮ ಕಣ್ಣು ಮುಚ್ಚಿದಾರೆ, ಕೊನೇದ್ರಲ್ಲಿ ಮನೆ ಇಲ್ಲ. ಎರಡೂ ಸೇರಿಸಿದ್ರೆ ಆಯ್ತು" ಎಂದು ಲ್ಯಾಪ್‌ಟಾಪ್ ತೆರೆದ. ನಾನು ಅವನ ಬೆನ್ನ ಹಿಂದೆ ನಿಂತು, "ಸ್ವಿಚ್‌ಬೋರ್ಡು ಸ್ವಲ್ಪ ಮೇಲೆ, ಕಲೆ ಇನ್ನೂ ಕೊಂಚ ಜಿಡ್ಡಾಗಿರ್ಲಿ, ಟೀಚರಮ್ಮನ ಬನಿಯನ್ ಒಂದೂ ಬಿಡ್ಬೇಡ" ಎಂದು ಹೇಳುತ್ತಾ ಹೋದೆ. ಬನಿಯನ್ನು ಅವರ ಯಜಮಾನರದೆಂದು ಹೆಂಡತಿ ತಿದ್ದಿದಳು. ಮುಗಿದಾಗ ಅತ್ತೆಯವರು ನೋಡಿ, "ಹಾಂ, ಇದು ನನ್ನ ಮಗಳ ಮನೆ" ಎಂದು ಕಣ್ಣೊರೆಸಿಕೊಂಡರು. ರೈಲು ತಪ್ಪಲಿಲ್ಲ.

ಅದರದೊಂದು ಪ್ರತಿ ನಮ್ಮ ಹಾಲಿಗೂ ಬಂತು. ಅದೇ ಬಿಳಿ ಗೋಡೆಗೆ ತೂಗುಹಾಕಿದೆವು. ಮುಂದಿನ ವಾರ ಬಳಗದ ಅಧ್ಯಕ್ಷರು ಮನೆಗೆ ಬಂದವರು ಅದರ ಮುಂದೆ ನಿಂತುಬಿಟ್ಟರು.

"ಇದು ಫೋಟೊ ಅಂದ್ರೆ! ಎಡಿಟಿಂಗ್ ಮಾಡೋರಾಗಿದ್ರೆ ಮೊದಲು ಆ ಸ್ವಿಚ್‌ಬೋರ್ಡ್ ತೆಗೀತಿದ್ರು, ಆ ಕಲೆ ಅಳಿಸ್ತಿದ್ರು. ನೀವು ಏನನ್ನೂ ಮುಟ್ಟಿಲ್ಲ ನೋಡಿ. ಪ್ರತಿಭೆ ಅಂದ್ರೆ ಇದು."

ನಾನು ನೆಲ ನೋಡಿದೆ. ಹೆಂಡತಿ ಟೀ ಹಿಡಿದು ಬಂದಳು. ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ತುಂಬ ಸೆಕೆ. ಸ್ವಲ್ಪ ಫ್ಯಾನ್ ಹಾಕ್ಲಾ?" ಎಂದು ಗೋಡೆಯ ಕಡೆ ಕೈಚಾಚಿ ತಡವಿದರು. ಬೋರ್ಡನ್ನು ಮತ್ತೆ ಕೂರಿಸಲು ಹೇಳಿದ್ದ ಎಲೆಕ್ಟ್ರಿಷಿಯನ್ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದ.

ಹೆಂಡತಿ ಟೀ ಕೆಳಗಿಟ್ಟು ಹೇಳಿದಳು: "ಸ್ವಿಚ್ಚು ಫೋಟೊದಲ್ಲಿದೆ ಸಾರ್. ಅಲ್ಲೇ ಒತ್ತಿ ನೋಡಿ."